ಮಿರಜಿಗೆ ಒಯ್ದ ಮೇಲೆ

ಅಥಣಿ, ರಾಯಬಾಗ, ಜತ್ತ ಕಡೆಯ ಹಳ್ಳಿಗಳಲ್ಲಿ ಊರ ಡಾಕ್ಟರು ಕೈಚೆಲ್ಲಿದ ಮೇಲೆ ಉಳಿಯುತ್ತಿದ್ದ ಮಾತು ಒಂದೇ: 'ಮಿರಜಿಗೆ ಒಯ್ಯರಿ.' ಅಥಣಿ, ರಾಯಬಾಗದವರಿಗೆ ಅದು ಬೇರೆ ರಾಜ್ಯ ಎಂಬುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಶನ್ ದವಾಖಾನೆ ತೆರೆದಿದ್ದರು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಗಡಿಯ ಈಚೆಗಿನ ಕನ್ನಡದವರ ಪಾಲಿಗೆ ಮಿರಜ ಮೊದಲು ದವಾಖಾನೆಗಳ ಊರು, ಆಮೇಲೆ ತಂಬೂರಿಗಳ ಊರು.

ಎಪ್ಪತ್ತರ ದಶಕದಲ್ಲಿ ಅಜ್ಜಿಯ ಹೊಟ್ಟೆನೋವಿಗೆಂದು ಕುಡಚಿಯಲ್ಲಿ ಮೀಟರ್ ಗೇಜ್ ಗಾಡಿ ಹತ್ತಿ ನಾವೂ ಅಲ್ಲಿನ ಒಂದು ದವಾಖಾನೆಗೆ ಹೋಗುತ್ತಿದ್ದೆವು. ನನಗೆ ಸ್ಪಷ್ಟವಾಗಿ ನೆನಪಿರುವುದು ಔಷಧದ ಬಾಟಲಿ. ಕಂಪೌಂಡರ್ ಅದರಲ್ಲಿ ಮಿಕ್ಸ್ಚರ್ ತುಂಬಿ, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಹೊರಗೆ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ. 'ಅಲುಗಾಡಿಸಿ ಕುಡೀರಿ ಆಯಿ, ಊಟ ಆದಮ್ಯಾಲ' ಎಂದು ನರ್ಸ್ ಕನ್ನಡದಲ್ಲೇ ಹೇಳುತ್ತಿದ್ದಳು. ಅಕ್ಷರ ಬಾರದ ಅಜ್ಜಿ ಪಟ್ಟಿಯ ಮೇಲೆ ಬೆರಳಿಟ್ಟು, ಯಾರನ್ನೂ ಕೇಳದೆ, ಒಂದು ಹೊತ್ತೂ ತಪ್ಪಿಸದೆ ಕುಡಿದಳು.

ಹಾಗೆಂದು ಆ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಔಷಧ ಹೇಗೆ ಕುಡಿಯಬೇಕೆಂದು ಅಜ್ಜಿಗೆ ಹೇಳಿದರು, ಯಾಕೆ ಕುಡಿಯಬೇಕೆಂದು ಹೇಳಲಿಲ್ಲ. ಡಾಕ್ಟರು ಅಪ್ಪನನ್ನು ಒಳಗೆ ಕರೆದು ಮರಾಠಿಯಲ್ಲಿ ಮಾತಾಡಿದರು. ಅಪ್ಪ ಹೊರಗೆ ಬಂದು, 'ಸಣ್ಣ ಗಂಟು ಐತಂತ, ಆರಾಮ ಆಗ್ತದ' ಎಂದ. ಯಾರ ಹೊಟ್ಟೆಯಲ್ಲಿ ಗಂಟಿತ್ತೋ ಅವಳಿಗೆ ಸಿಕ್ಕ ವಿವರ ಅಷ್ಟೇ. ಆಪರೇಶನ್‌ಗೆ ಹೆಬ್ಬೆಟ್ಟು ಒತ್ತಿದ್ದೂ ಆ ಮಾತಿನ ಮೇಲೆ. ಅಜ್ಜಿ ತನ್ನ ಬ್ಯಾನಿಯ ಹೆಸರು ಕೇಳದೆಯೇ ಸತ್ತಳು. ಹೊಲದ ಪಾಲಿನ ಬಗ್ಗೆ, ಕಿರಿಮಗಳ ಬಗ್ಗೆ ಅವಳು ಹೇಳಬಹುದಾಗಿದ್ದ ಮಾತುಗಳಿಗೆ ಸಮಯ ಸಿಗಲಿಲ್ಲ. ಆಗ ಎಲ್ಲರ ಮನೆಯಲ್ಲೂ ಹೀಗೇ ನಡೆಯುತ್ತಿತ್ತು, ಅದನ್ನು ದಯೆ ಎಂದುಕೊಂಡಿದ್ದರು. ನನಗೆ ಅದು ಅನ್ಯಾಯವೆಂದೇ ಕಾಣುತ್ತದೆ.

ಕ್ಷಯದ್ದೂ ಇದೇ ಕಥೆ. ಸಾಂಗಲಿ-ಮಿರಜಗಳ ನಡುವಿನ ವಾನ್ಲೆಸ್‌ವಾಡಿಯಲ್ಲಿ ಸ್ಯಾನಿಟೋರಿಯಂ ಆಯಿತು. ಕ್ಷಯದ ಔಷಧ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅಲ್ಲಿಯತನಕ ಒಳ್ಳೆಯ ಗಾಳಿ, ವಿಶ್ರಾಂತಿ, ಹೊಟ್ಟೆತುಂಬ ಊಟವೇ ಮುಖ್ಯ ಚಿಕಿತ್ಸೆ. ಮನೆಯವರು ರೋಗದ ಹೆಸರು ಎತ್ತುತ್ತಿರಲಿಲ್ಲ. ಈಗ ಆರು ತಿಂಗಳ ಗುಳಿಗಿ ಸರಕಾರವೇ ಪುಕ್ಕಟೆ ಕೊಡುತ್ತದೆ. ಆದರೆ ಮೊದಲ ಕೆಲವು ವಾರಗಳಲ್ಲೇ ಕೆಮ್ಮು ತಗ್ಗಿದಾಗ ರೋಗಿ ಗುಳಿಗಿ ಬಿಟ್ಟುಬಿಡುತ್ತಾನೆ. 'ಕೋರ್ಸ್ ಕಂಪ್ಲೀಟ್ ಮಾಡ್ರಿ' ಎಂದಷ್ಟೇ ಹೇಳಿದರೆ ಅವನಿಗೆ ಏನು ತಿಳಿಯಬೇಕು? 'ಕೆಮ್ಮು ನಿಂತರೂ ಹುಳ ಒಳಗ ಜೀವಂತ ಇರ್ತಾವ. ಅರ್ಧಕ್ಕ ಬಿಟ್ಟರ ಮುಂದ ಇದೇ ಗುಳಿಗಿ ಕೆಲಸ ಮಾಡೂದಿಲ್ಲ, ಮನ್ಯಾಗಿನ ಕೂಸಿಗೂ ಹತ್ತತದ' ಎನ್ನಲು ಅರ್ಧ ನಿಮಿಷ ಸಾಕು.

ಈಗ ಮಿರಜಿನ ಆಸ್ಪತ್ರೆಗಳಿಂದ ಹೊರಬರುವ ರೋಗಿಯ ಕೈಯಲ್ಲಿ ದಪ್ಪ ಫೈಲು ಇರುತ್ತದೆ. ರೋಗದ ಹೆಸರು, ಅಳತೆ, ಅಂಕಿ ಎಲ್ಲ ಅದರಲ್ಲಿವೆ. ರಿಪೋರ್ಟು ಇಂಗ್ಲಿಷಿನಲ್ಲಿ, ಸಮ್ಮತಿಪತ್ರ ಮರಾಠಿಯಲ್ಲಿ. ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿ ಓದಿದವಳಿಗೆ ಫೈಲಿನಲ್ಲಿ ಅವಳು ಸಲೀಸಾಗಿ ಓದಬಲ್ಲ ಒಂದು ಸಾಲೂ ಇಲ್ಲ. ಕಫದ ಪರೀಕ್ಷೆ 'ನೆಗೆಟಿವ್' ಬಂದಿದೆ ಎಂದರೆ ಕೆಟ್ಟದ್ದೇನೋ ಆಯಿತೆಂದು ಅಳುವವರನ್ನು ನೋಡಿದ್ದೇನೆ. ಹುಳ ಕಾಣಲಿಲ್ಲ ಎಂದು ಹೇಳಿದ್ದರೆ ಸಾಕಿತ್ತು.

ಜನರ ಮಾತನ್ನೇ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂತಲೂ ಅಲ್ಲ. ಕ್ಯಾನ್ಸರಿನ ರೇಡಿಯೇಶನ್‌ಗೆ ನಮ್ಮವರು 'ಕರೆಂಟ್ ಕೊಡೂದು' ಎನ್ನುತ್ತಾರೆ. ಆ ಮಾತು ಕೇಳಿಯೇ ಶಾಕ್ ಹೊಡೆದೀತೆಂದು ಹೆದರಿ ಊರಿಗೆ ಮರಳಿದವರಿದ್ದಾರೆ. ಕಿರಣ ಬಿಡುವಾಗ ನೋವಾಗುವುದಿಲ್ಲ, ಮುಂದೆ ಚರ್ಮ ಕಪ್ಪಾಗಬಹುದು, ಸುಸ್ತಾಗಬಹುದು ಎಂದು ಬಿಡಿಸಿ ಹೇಳಬೇಕು. 'ಸಕ್ರಿ ಬ್ಯಾನಿ' ಎಂಬ ಹೆಸರೂ ಹಾಗೆಯೇ: ಚಹಾಕ್ಕೆ ಸಕ್ಕರೆ ಬಿಟ್ಟರೆ ಮುಗಿಯಿತು ಎಂದುಕೊಂಡು ಅನ್ನ, ರೊಟ್ಟಿ ಮೊದಲಿನಷ್ಟೇ ಉಣ್ಣುತ್ತಾರೆ, ಜೋಮು ಹಿಡಿದ ಕಾಲಿನ ಗಾಯ ನೋಡಿಕೊಳ್ಳುವುದಿಲ್ಲ. ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತಪರೀಕ್ಷೆ ಮಾಡಿಸುತ್ತಾರೆ, ಅದರ ಅಂಕಿ ಏನು ಹೇಳುತ್ತದೆಂದು ಹೇಳುವವರಿಲ್ಲ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗದು ಎನ್ನುವವರು ಡಾ. ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ', 'ತಾಯಿ-ಮಗು' ಓದಿ ನೋಡಲಿ. ಹೇಳಲು ನಾಚುತ್ತಿದ್ದ ವಿಷಯಗಳನ್ನೂ ಆ ವೈದ್ಯೆ ಮನೆಮಾತಿನಲ್ಲಿ ಬರೆದರು. ಕೊರತೆ ಇರುವುದು ಡಾಕ್ಟರಿಗೆ ಸಿಗುವ ವೇಳೆಯಲ್ಲಿ, ಕೆಲವೊಮ್ಮೆ ಇಚ್ಛೆಯಲ್ಲಿ. ಹೊರಗೆ ನೂರು ಜನ ಕಾಯುತ್ತಿರುವಾಗ ಒಬ್ಬರಿಗೆ ಹತ್ತು ನಿಮಿಷ ಕೊಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಮಿರಜಿನ ವಾರ್ಡುಗಳಲ್ಲಿ ಕನ್ನಡ ಬಲ್ಲ ಸಿಸ್ಟರ್, ವಾರ್ಡ್‌ಬಾಯ್ ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರಿಗೆ ತರಬೇತಿ ಕೊಟ್ಟು ರೋಗಿಗೆ ಬಿಡಿಸಿ ಹೇಳುವ ಕೆಲಸಕ್ಕೇ ಕೂರಿಸಬೇಕು. ಈಗ ಅವರು ಅದನ್ನು ದಾರಿಯಲ್ಲಿ ನಿಂತು ಉಪಕಾರಕ್ಕೆ ಮಾಡುತ್ತಿದ್ದಾರೆ.

ಕಾನೂನೂ ರೋಗಿಯ ಕಡೆಗಿದೆ. ಆಪರೇಶನ್‌ಗೆ ಮೊದಲು ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಯಾವುದು, ದೊಡ್ಡ ಅಪಾಯ ಏನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅವರಿಗೆ ತಿಳಿಯುವಂತೆ ವಿವರಿಸಬೇಕೆಂದು ಹೇಳುತ್ತದೆ.

ಮಿರಜಿಗೆ, ಸಾಂಗಲಿಗೆ ನಿಮ್ಮವರನ್ನು ಕರೆದೊಯ್ಯುವವರಿಗೆ ನನ್ನ ವಿನಂತಿ: ಡಾಕ್ಟರು ನಿಮ್ಮೊಬ್ಬರನ್ನೇ ಒಳಗೆ ಕರೆದರೆ ರೋಗಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ತಿಳಿಯದ್ದನ್ನು ಮತ್ತೊಮ್ಮೆ ಕೇಳಿ. ನಿಮಗೆ ತಿಳಿದದ್ದನ್ನು ಡಾಕ್ಟರಿಗೇ ತಿರುಗಿ ಹೇಳಿ, ಸರಿಯೇ ಎಂದು ವಿಚಾರಿಸಿ. ಅಲ್ಲಿಯವರೆಗೆ ಸಹಿ ಮಾಡಬೇಡಿ.