ಕಿವಿಯಿದ್ದೂ ಕೇಳದವಳು

ಎಚ್.ಎಂ.ವಿ. ತಟ್ಟೆಗಳ ಮೇಲೆ ಕಹಳೆಯ ಮುಂದೆ ಕಿವಿಗೊಟ್ಟು ಕೂತಿರುವುದು ನಾಯಿ. ಫ್ರಾನ್ಸಿಸ್ ಬರೋ ಎಂಬ ಕಲಾವಿದ ನಿಪ್ಪರ್ ಎಂಬ ನಾಯಿಯ ನೆನಪಿನಲ್ಲಿ ಬರೆದ ಚಿತ್ರ ಅದು. 1899ರಲ್ಲಿ ಗ್ರಾಮಫೋನ್ ಕಂಪನಿ ಕೊಂಡುಕೊಂಡಿತು. ಅವನ ಮನೆಯಲ್ಲಿ ಬೆಕ್ಕಿದ್ದಿದ್ದರೆ ಕಂಪನಿಗೆ ಲಾಂಛನವೇ ಸಿಗುತ್ತಿರಲಿಲ್ಲ. ಅದು ಕಹಳೆಯೊಳಗೆ ಹೊಕ್ಕು ನಿದ್ದೆ ಹೊಡೆಯುತ್ತಿತ್ತು, ಬಾಲ ಮಾತ್ರ ಹೊರಗೆ.

ಬೆಕ್ಕಿನ ಕಿವಿಗೇನೂ ಕೊರತೆಯಿಲ್ಲ. ಮನುಷ್ಯರ ಕಿವಿ ಎಷ್ಟು ಎಳೆಯದಾದರೂ 20,000 ಹರ್ಟ್ಸ್ ಆಸುಪಾಸಿಗೆ ನಿಲ್ಲುತ್ತದೆ. ವಯಸ್ಸಾದಂತೆ ಅಲ್ಲಿಂದಲೂ ಇಳಿಯುತ್ತ ಬರುತ್ತದೆ. ಬೆಕ್ಕಿನದು 60,000ವನ್ನು ಸಲೀಸಾಗಿ ದಾಟುತ್ತದೆ. ಅಂದಮೇಲೆ ನಮ್ಮ ಮನೆಯ ಅತ್ಯುತ್ತಮ ಶ್ರೋತೃ ನಮ್ಮ ಬೆಕ್ಕು ಕೆಂಚಿಯೇ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಾಕಿದರೆ ಮೈಮುರಿದು, ಆಕಳಿಸಿ, ಸ್ಪೀಕರಿನ ಕಡೆಗೇ ನಡೆಯುತ್ತಾಳೆ. ಕೇಳುವುದಕ್ಕಲ್ಲ, ಕೆರೆಯುವುದಕ್ಕೆ.

ಅವಳ ಕಡೆಯಿಂದ ನೋಡಿದರೆ ನ್ಯಾಯವಿದೆ. ಬೆಕ್ಕು ಕೆರೆಯುವುದು ಉಗುರಿನ ಹಳೇ ಪದರ ಕಳಚಲು, ಬೆನ್ನು ನೀಡಲು, ಪಾದದ ಗ್ರಂಥಿಗಳ ವಾಸನೆ ಬಳಿದು ಜಾಗ ತನ್ನದೆಂದು ಸಾರಲು. ಅದಕ್ಕೆ ಬೇಕಾದದ್ದು ನೆಟ್ಟಗೆ ನಿಂತ, ಎಳೆದರೂ ಅಲುಗದ, ಉಗುರು ನಾಟುವಂಥ ನೇಯ್ಗೆಯ ವಸ್ತು. ಬಟ್ಟೆಯ ಮುಸುಕು ಹೊದ್ದ ಎತ್ತರದ ಸ್ಪೀಕರಿಗಿಂತ ಬೇರೇನು ಬೇಕು? ಮುಸುಕು ತೆಗೆದಿಡೋಣವೆಂದರೆ ಟ್ವೀಟರಿನ ಒಂದಿಂಚಿನ ರೇಷ್ಮೆ ಗುಮ್ಮಟ ಉಬ್ಬಿಕೊಂಡು ಕೂತಿರುತ್ತದೆ. ಅದನ್ನು ಬೆರಳಲ್ಲಿ ಒತ್ತದೆ ಬಿಟ್ಟ ಮಕ್ಕಳನ್ನು ನಾನು ಕಂಡಿಲ್ಲ, ಬೆಕ್ಕನ್ನಂತೂ ಕೇಳಲೇಬೇಡಿ.

“ಕಬ್ಬಿಣದ ಜಾಲರಿ ಹಾಕಿಸಿಬಿಡಿ ಸಾರ್” ಅಂದ ಅಂಗಡಿಯವನು. ಉಗುರು ನಾಟದಿದ್ದರೆ ಬೆಕ್ಕಿಗೆ ಆಸಕ್ತಿ ಹೋಗುತ್ತದೆ, ಸರಿ. ಆದರೆ ಆ ಆಸಕ್ತಿ ಸೋಫಾದ ಕಡೆಗೆ ತಿರುಗುತ್ತದೆ. ನೀರು ಚಿಮುಕಿಸಿ ಹೆದರಿಸಿದರೆ ಬೆಕ್ಕು ಕಲಿಯುವುದು ಒಂದೇ ಪಾಠ: ಯಜಮಾನ ಇಲ್ಲದಾಗ ಕೆರೆಯಬೇಕು. ನಮ್ಮಲ್ಲಿ ಫಲ ಕೊಟ್ಟದ್ದು ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿದ ಮೂರಡಿ ಕಂಬ. ಬುಡಕ್ಕೆ ಭಾರದ ಹಲಗೆ, ಇಟ್ಟದ್ದು ಸ್ಪೀಕರಿನ ಮಗ್ಗುಲಲ್ಲೇ. ಅಂದವಿಲ್ಲ ನಿಜ. ಮೂಲೆಯಲ್ಲಿ ಮರೆಮಾಡಿದರೆ ಅವಳು ಮೂಸಿಯೂ ನೋಡುವುದಿಲ್ಲ, ನಾಲ್ಕು ಜನ ಓಡಾಡುವ ಕಡೆಯೇ ಗುರುತು ಬಿಡಬೇಕು ಅವಳಿಗೆ.

ಟರ್ನ್‌ಟೇಬಲಿನ ಕಥೆ ಚಿಕ್ಕದು. ಮುಳ್ಳು ತಟ್ಟೆಯ ಮೇಲೆ ಊರುವ ಭಾರ ಸುಮಾರು 2 ಗ್ರಾಂ, ಕೆಂಚಿಯದು 4 ಕಿಲೋ. ಮೆಲ್ಲಗೆ ಒಳಕ್ಕೆ ಸರಿಯುವ ಆ ತೋಳನ್ನು ಕಂಡು ಅವಳ ಹಿಂಗಾಲು ಅಲುಗತೊಡಗಿದರೆ ಬೆಕ್ಕಿಗೆ ಚೆಲ್ಲಾಟ, ನಮಗೆ ಪ್ರಾಣಸಂಕಟ. ಮುಚ್ಚಳ ಹಾಕಿಯೇ ಕೇಳಬೇಕು, ಬೇರೆ ದಾರಿಯಿಲ್ಲ.

ಕಷ್ಟದ್ದು ಆಂಪ್ಲಿಫೈಯರ್. ನಮ್ಮದು ಕ್ಲಾಸ್ ಎ, ಹಾಡಿದರೂ ಸುಮ್ಮನಿದ್ದರೂ ಒಂದೇ ಸಮ ಕರೆಂಟು ಕುಡಿದು ಕಾಯುತ್ತಿರುತ್ತದೆ. ನಮಗೆ ಸೆಕೆಯೆನಿಸುವ 30ರಿಂದ 38 ಡಿಗ್ರಿಯೇ ಬೆಕ್ಕಿನ ಮೈಗೆ ಹದ. ಹಾಗಾಗಿ ಆಂಪ್ಲಿಫೈಯರಿನ ನೆತ್ತಿಯೇ ಕೆಂಚಿಗೆ ಹಾಸಿಗೆ. ಬಿಸಿಗಾಳಿ ಹೊರಡುವ ಸೀಳುಗಳ ಮೇಲೆ ಹೊಟ್ಟೆ, ಸೀಳುಗಳೊಳಗೆ ಕೂದಲು. ಬಟ್ಟೆ ಹೊದಿಸಿದರೆ ಯಂತ್ರಕ್ಕೆ ಉಸಿರುಕಟ್ಟುತ್ತದೆ. ಕಿತ್ತಳೆ ಸಿಪ್ಪೆ ಇಟ್ಟರೆ ವಾಸನೆಗೆ ಮೂಗು ಮುರಿದು ದೂರ ಹೋಗುತ್ತಾಳೆ, ಸಿಪ್ಪೆ ಒಣಗಿದ ಮೇಲೆ ಮತ್ತೆ ಹಾಜರು. ಓಡಿಸುವುದು ಬಿಟ್ಟು ಬೇರೆ ಬೆಚ್ಚನೆಯ ಜಾಗ ಕೊಡುವುದೇ ಮೇಲೆನಿಸಿತು. ಅಟ್ಟದಲ್ಲಿದ್ದ ಹಳೇ ಸೆಟ್-ಟಾಪ್ ಬಾಕ್ಸ್ ಇಳಿಸಿ, ಗಾಳಿಯಾಡುವಂತೆ ಮೇಲೊಂದು ಹಲಗೆ ಏರಿಸಿ, ಟವೆಲ್ ಹಾಸಿ ಪ್ಲಗ್ ಚುಚ್ಚಿದ್ದೇನೆ. ಟಿ.ವಿ.ಗೆ ಜೋಡಿಸಿಲ್ಲ.

“ರೀ, ಯಾರೂ ನೋಡದ ಡಬ್ಬಕ್ಕೆ ಹಗಲೂ ರಾತ್ರಿ ಮೀಟರ್ ಓಡ್ತಿದೆಯಲ್ಲ” ಎನ್ನುತ್ತಾಳೆ ಹೆಂಡತಿ. ಕ್ಲಾಸ್ ಎ ಎಷ್ಟು ಕುಡಿಯುತ್ತದೆಂದು ಅವಳಿಗಿನ್ನೂ ಹೇಳಿಲ್ಲ.