ತೊಗಲಿನ ಸೀಟು

ಕುಲಗೋಡದಿಂದ ಧರ್ಮಸ್ಥಳಕ್ಕೆ ಹೋದಾಗ ಹಳೇ ಕಾರುಗಳ ಸಂಗ್ರಹಾಲಯ ನೋಡಿದೆವು. ತೆರೆದ ಟೂರಿಂಗ್ ಕಾರು: ಬಾಗಿಲಿಗೆ ಗಾಜಿಲ್ಲ, ಮೇಲೆ ಮಡಚುವ ಕ್ಯಾನ್ವಾಸ್ ಹುಡ್ಡು, ಒಳಗೆ ತೊಗಲಿನ ಸೀಟು.

ಇಂಥ ಕಾರನ್ನು ಮತ್ತೆ ಎಬ್ಬಿಸಲು ಎಂಜಿನ್ ಬಿಚ್ಚಿದರಷ್ಟೇ ಸಾಲದು. ತುಕ್ಕು ಉಜ್ಜಬೇಕು, ಹುಡ್ಡು ಹೊಲಿಯಬೇಕು, ಸೀಟಿಗೆ ಹೊಸ ತೊಗಲು ಬಿಗಿಯಬೇಕು. ಸುಣ್ಣದಾಗ ನೆನಸಿ, ತಂಗಡಿ ತೊಗಟೆಯಾಗ ತೊಗಲು ಹದ ಮಾಡೋ ವಿದ್ಯೆ ನಮ್ಮ ಕೇರಿದು.

ಹಳೇ ಕಾರುಗಳ ಚರಿತ್ರೆ ಕುಂತವರ ಹೆಸರು ಹೇಳ್ತದ, ಹೊಲಿದವರದು ಹೇಳೋದಿಲ್ಲ. ತೊಗಲಿನ ಮ್ಯಾಲ ಕುಂತರು, ತೊಗಲು ಹದ ಮಾಡಿದ ನಮ್ಮನ್ನ ಮುಟ್ಟಲಿಲ್ಲ. ಗಾಡಿ ಹತ್ತೋ ಮಾತಂತೂ ದೂರ. 1929ರಲ್ಲಿ ಚಾಳೀಸಗಾಂವದಲ್ಲಿ ಬ್ಯಾರಿಸ್ಟರ್ ಅಂಬೇಡ್ಕರರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಟಾಂಗಾವಾಲರು ಒಪ್ಪಲಿಲ್ಲ. ರೂಢಿಯಿಲ್ಲದ ಕೇರಿಯವನೇ ಹೊಡೆದ; ಸೇತುವೆ ಮೇಲೆ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು.

ಕಾರಿನ ತುಕ್ಕು ಹೋಯ್ತು. ಊರಿಂದು?