ಒಂದೇ ಉದ್ದದ ಎರಡು ಕಾರುಗಳು

ಗಣಿತದ ತರಗತಿಯಲ್ಲಿ ಮಿಲಿಮೀಟರಿನ ಪಾಠ ಬಂದಾಗ "ಇಷ್ಟು ಸಣ್ಣ ಅಳತೆ ಯಾವ ಕೆಲಸಕ್ಕೆ?" ಎಂದು ಗೊಣಗುವ ಮಕ್ಕಳಿಗೆ ಒಂದು ಸಂಗತಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಒಂದು ಕಾರಿನ ಉದ್ದ 4000 ಮಿಲಿಮೀಟರ್ ದಾಟಿದೆಯೇ ಇಲ್ಲವೇ ಎಂಬುದರ ಮೇಲೆ ಲಕ್ಷಗಟ್ಟಲೆ ರೂಪಾಯಿ ತೆರಿಗೆ ನಿಂತಿದೆ. ರಸ್ತೆಯಲ್ಲಿ ಓಡುವ ಅಷ್ಟೊಂದು ಕಾರುಗಳು 3995 ಮಿಲಿಮೀಟರಿಗೇ ಸರಿಯಾಗಿ ಬಂದು ನಿಂತಿರುವುದು ಕಾಕತಾಳೀಯವಲ್ಲ. ಗೆರೆಗೆ ಐದು ಮಿಲಿಮೀಟರ್ ಇರುವಾಗ ಬ್ರೇಕ್ ಹಾಕಿದ್ದಾರೆ, ಅಷ್ಟೆ.

ಈ ಜ್ಞಾನ ನನಗೆ ಬಂದದ್ದು ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಎಸ್‌ಯುವಿ ಕೊಳ್ಳಲು ಹೊರಟಾಗ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎಸ್‌ಯುವಿ ಏಕೆ ಎಂದು ಕೇಳಬಹುದು. ನಮ್ಮ ಬೀದಿಯಲ್ಲೂ ಕೇಳಿದರು. ಕಾರಣ ನನ್ನವಳ ಮೊಣಕಾಲು. ನಮ್ಮ ಹಳೆಯ ಸಣ್ಣ ಕಾರಿನ ಸೀಟು ತಗ್ಗು. ಕೂರಲು ಅವಳು ಬಾವಿಗೆ ಇಳಿದಂತೆ ಇಳಿಯಬೇಕು, ಏಳಲು ಇಬ್ಬರು ಕೈ ಕೊಡಬೇಕು. ಅವಳ ಅಕ್ಕ ಹೆಬ್ರಿಯ ಹತ್ತಿರ ಇದ್ದಾರೆ, ವಯಸ್ಸು ಎಂಬತ್ತೆರಡು. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಘಾಟಿ, ಸೋಮೇಶ್ವರ ದಾಟಿದರೆ ಅವರ ಮನೆ. ವರ್ಷಕ್ಕೆ ಮೂರು ಸಲ ಹೋಗುತ್ತಿದ್ದವಳು ಒಂದಕ್ಕೆ ಇಳಿಸಿದಳು, ಕಳೆದ ವರ್ಷ ಅದನ್ನೂ ಬಿಟ್ಟಳು. "ಫೋನಿದೆಯಲ್ಲ, ಮಾತಾಡಿದರಾಯಿತು" ಎನ್ನುತ್ತಾಳೆ. ಮಾತು ಮುಗಿಸಿ ಫೋನ್ ಕೆಳಗಿಟ್ಟ ಮೇಲೆ ಸುಮ್ಮನೆ ಕೂತಿರುತ್ತಾಳೆ. ಅದನ್ನು ಎಷ್ಟು ದಿನ ನೋಡುವುದು?

ಮಾರುತಿ ಕಂಪನಿಯ ಕಾರೇ ಆಗಲಿ ಎಂಬುದರಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. 1983ರ ಕೊನೆಯಲ್ಲಿ ಮಾರುತಿ 800 ಬಂದಾಗಿನಿಂದ ನನ್ನ ತಲೆಮಾರಿಗೆ ಕಾರು ಎಂದರೆ ಮಾರುತಿ. ಆದರೆ ಯಾವ ಮಾರುತಿ? ಅಂಗಡಿಯವರು ಮೂರು ಹೆಸರು ಹೇಳಿದರು: ಬ್ರೆಜಾ, ಫ್ರಾಂಕ್ಸ್, ಗ್ರ್ಯಾಂಡ್ ವಿಟಾರಾ. ಮೂರೂ ಎತ್ತರದ ನಿಲುವಿನವು, ಮೂರಕ್ಕೂ ಮುಖದ ಮೇಲೆ ಒಂದೇ ಲಾಂಛನ. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಮೂರರ ಕೈಪಿಡಿಗಳನ್ನು ಮನೆಗೆ ತಂದು, ಹಳೆಯ ಅಭ್ಯಾಸದಂತೆ ಒಂದು ಉದ್ದ ಪುಸ್ತಕದಲ್ಲಿ ಕಾಲಂ ಎಳೆದು ಬರೆದುಕೊಂಡೆ.

ಮೊದಲು ಹೊರಬಿದ್ದದ್ದು ಗ್ರ್ಯಾಂಡ್ ವಿಟಾರಾ. ಅದರ ಮೇಲೆ ನನಗೆ ಒಳಗೊಳಗೇ ಪ್ರೀತಿಯಿತ್ತು. ಏಕೆಂದರೆ 2022ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ತಯಾರಾಗುತ್ತಿದ್ದದ್ದು ನಮ್ಮ ಬಿಡದಿಯಲ್ಲಿ, ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಹೆಸರು ಮಾರುತಿ, ಹೆರಿಗೆ ಟೊಯೊಟಾ ಮನೆಯಲ್ಲಿ! ಉದ್ದ 4345 ಮಿ.ಮೀ. ಏಳನೆಯ ತರಗತಿಯ ಮೊಮ್ಮಗಳು ಟೇಪು ಹಿಡಿದು ನಮ್ಮ ಪೋರ್ಟಿಕೋದಲ್ಲಿ ರಂಗೋಲಿ ಪುಡಿಯಿಂದ ಮೂರೂ ಕಾರುಗಳ ಚೌಕಟ್ಟು ಬರೆದಳು. ಜಾಗದ ಉದ್ದ ಹದಿನಾಲ್ಕೂವರೆ ಅಡಿ. ಗ್ರ್ಯಾಂಡ್ ವಿಟಾರಾ ಹದಿನಾಲ್ಕು ಅಡಿ ಮೂರು ಇಂಚು. "ಅಜ್ಜ, ಕಾರು ಒಳಗೆ ಬರುತ್ತೆ, ಆದರೆ ಡಿಕ್ಕಿ ತೆಗೆಯೋಕೆ ಆಗಲ್ಲ" ಎಂದಳು. ಉಳಿದ ಎರಡು ಹದಿಮೂರು ಅಡಿ ಒಂದು ಇಂಚು ಚಿಲ್ಲರೆ, ಆರಾಮ.

ಅದರ ಸ್ಟ್ರಾಂಗ್ ಹೈಬ್ರಿಡ್ ಮಾದರಿ ಲೀಟರಿಗೆ 27.97 ಕಿಲೋಮೀಟರ್ ಕೊಡುತ್ತದೆ ಎಂದು ಅಧಿಕೃತ ಲೆಕ್ಕ. ಪರೀಕ್ಷೆಯ ಅಂಕಿ ಬೇರೆ, ನಮ್ಮ ರಸ್ತೆಯ ಅಂಕಿ ಬೇರೆ. ನಿಜದಲ್ಲಿ 22 ಎಂದು ಹಿಡಿಯೋಣ, ಮಾಮೂಲಿ ಪೆಟ್ರೋಲ್ ಕಾರಿಗೆ 15 ಎಂದಿಟ್ಟುಕೊಳ್ಳೋಣ. ನಾವು ಓಡಿಸುವುದು ವರ್ಷಕ್ಕೆ ಐದು ಸಾವಿರ ಕಿಲೋಮೀಟರ್. ಉಳಿತಾಯ ಸುಮಾರು 106 ಲೀಟರ್, ಲೀಟರಿಗೆ ನೂರು ರೂಪಾಯಿಯಂತೆ 10,600. ಬೆಲೆಯ ಅಂತರ ಬರೀ ಮೂರು ಲಕ್ಷವೆಂದು ಧಾರಾಳವಾಗಿ ಹಿಡಿದರೂ ಆ ದುಡ್ಡು ವಾಪಸು ಬರಲು 28 ವರ್ಷ ಬೇಕು. ನನಗಾಗ 102. ಜೊತೆಗೆ ಹೈಬ್ರಿಡ್‌ನ ಬ್ಯಾಟರಿ ಹಿಂದೆ ಕೂರುವುದರಿಂದ ಡಿಕ್ಕಿಯ ಜಾಗ 373 ಲೀಟರಿನಿಂದ 265ಕ್ಕೆ ಇಳಿಯುತ್ತದೆ. ದಿನವೂ ಐವತ್ತು ಅರವತ್ತು ಕಿಲೋಮೀಟರ್ ಓಡಿಸುವ ಮಂದಿಗೆ ಅದು ಒಳ್ಳೆಯ ಕಾರೇ ಇರಬೇಕು. ನಮ್ಮ ಪುಸ್ತಕದಲ್ಲಿ ಆ ಕಾಲಂಗೆ ಅಡ್ಡಗೆರೆ ಬಿತ್ತು.

ಉಳಿದದ್ದು ಬ್ರೆಜಾ ಮತ್ತು ಫ್ರಾಂಕ್ಸ್. ನಿಜವಾದ ತಲೆನೋವು ಶುರುವಾದದ್ದು ಇಲ್ಲಿ. ಎರಡರ ಉದ್ದವೂ 3995 ಮಿ.ಮೀ. ಅಗಲದಲ್ಲಿ ಬ್ರೆಜಾ 1790, ಫ್ರಾಂಕ್ಸ್ 1765. ವ್ಯತ್ಯಾಸ ಒಂದು ಇಂಚು. ಡಿಕ್ಕಿ ಅದಕ್ಕೆ 328 ಲೀಟರ್, ಇದಕ್ಕೆ 308. ಈ ಇಪ್ಪತ್ತು ಲೀಟರ್ ಎಂದರೆ ಮನೆಗೆ ಬರುವ ಒಂದು ಕುಡಿಯುವ ನೀರಿನ ಕ್ಯಾನ್. ನೆಲದಿಂದ ಹೊಟ್ಟೆಯವರೆಗಿನ ಎತ್ತರ, ಅಂದರೆ ಗ್ರೌಂಡ್ ಕ್ಲಿಯರೆನ್ಸ್, ಎರಡರಲ್ಲೂ ಹತ್ತು ಮಿಲಿಮೀಟರಿನ ಒಳಗಿನ ವ್ಯತ್ಯಾಸ. ಸುರಕ್ಷತೆಯ ಆರು ಏರ್‌ಬ್ಯಾಗ್ ಎರಡರಲ್ಲೂ ಇವೆ. ಇಷ್ಟು ಹೋಲುವ ಎರಡು ಕಾರುಗಳನ್ನು ಒಂದೇ ಕಂಪನಿ ಏಕೆ ಮಾಡಬೇಕು?

ಉತ್ತರ ಬಾನೆಟ್ ಕೆಳಗಿದೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. (ಅಬಕಾರಿ ಎಂದ ಕೂಡಲೇ ಹೆಂಡದಂಗಡಿ ನೆನಪಾಗಬೇಕಿಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಸರಕಿನ ಮೇಲಿನ ಸುಂಕಕ್ಕೂ ಆಗ ಅದೇ ಹೆಸರು.) ಸಣ್ಣ ಕಾರು ಎಂದರೆ ಯಾವುದು? ಉದ್ದ 4000 ಮಿ.ಮೀ. ಮೀರಬಾರದು, ಪೆಟ್ರೋಲ್ ಎಂಜಿನ್ ಆದರೆ 1200 ಸಿಸಿ ಮೀರಬಾರದು, ಡೀಸೆಲ್ ಆದರೆ 1500. ಎರಡೂ ಷರತ್ತು ಒಟ್ಟಿಗೆ ಪಾಲಿಸಬೇಕು. ಅಬಕಾರಿ ಹೋಗಿ ಜಿಎಸ್‌ಟಿ ಬಂದರೂ ಈ ಗೆರೆ ಅಳಿಸಲಿಲ್ಲ.

ಫ್ರಾಂಕ್ಸ್‌ಗೆ ಎರಡು ಬಗೆಯ ಎಂಜಿನ್. ಒಂದು 1197 ಸಿಸಿ, ಇನ್ನೊಂದು 998 ಸಿಸಿಯ ಟರ್ಬೊ. ಎರಡೂ ಗೆರೆಯ ಒಳಗೆ. ಬ್ರೆಜಾದ ಎಂಜಿನ್ 1462 ಸಿಸಿ. ಉದ್ದದಲ್ಲಿ ಪಾಸು, ಸಿಸಿಯಲ್ಲಿ ಫೇಲು! 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರದಂತೆ ಸಣ್ಣ ಕಾರಿಗೆ ಶೇ. 18, ಮಿಕ್ಕವಕ್ಕೆ ಶೇ. 40. ತೆರಿಗೆಗೆ ಮುಂಚೆ ನೂರು ರೂಪಾಯಿಯ ಫ್ರಾಂಕ್ಸ್ ನಿಮ್ಮ ಕೈಗೆ 118ಕ್ಕೆ ಬಂದರೆ, ನೂರು ರೂಪಾಯಿಯ ಬ್ರೆಜಾ 140ಕ್ಕೆ. ಅದಕ್ಕೂ ಮುಂಚೆ ಸೆಸ್ ಸೇರಿ 129 ಮತ್ತು 145 ಇತ್ತು. ಎರಡೂ ಇಳಿದವು, ಆದರೆ ನಡುವಿನ ಕಂದಕ 16ರಿಂದ 22 ರೂಪಾಯಿಗೆ ಹಿಗ್ಗಿತು. ಪತ್ರಿಕೆಯಲ್ಲಿ "ಕಾರು ಅಗ್ಗ" ಎಂಬ ತಲೆಬರಹ ನೋಡಿ ಖುಷಿಪಟ್ಟವರು ಈ ಎರಡನೆಯ ಲೆಕ್ಕವನ್ನು ಮಾಡಿರಲಿಕ್ಕಿಲ್ಲ.

ದೊಡ್ಡ ಎಂಜಿನ್‌ಗೆ ಅಷ್ಟು ಕೊಡುವುದರಿಂದ ಏನು ಸಿಗುತ್ತದೆ? ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವು ಹತ್ತಬೇಕಾದ ನಮಗೆ ಇದು ಮುಖ್ಯ ಪ್ರಶ್ನೆ. ಕೈಪಿಡಿಯಲ್ಲಿ ಟಾರ್ಕ್ ಎಂದು ಬರೆದಿರುತ್ತಾರೆ, ನ್ಯೂಟನ್ ಮೀಟರ್ ಲೆಕ್ಕದಲ್ಲಿ. ಮೊಮ್ಮಗಳಿಗೆ ನಾನು ಹೀಗೆ ವಿವರಿಸಿದೆ: ಒಂದು ಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಹದಿನಾಲ್ಕು ಕೆಜಿ ತೂಕ ನೇತುಹಾಕಿದರೆ ಎಷ್ಟು ತಿರುಚುತ್ತದೋ ಅಷ್ಟು ಬ್ರೆಜಾದ 137. ಫ್ರಾಂಕ್ಸ್‌ನ 1197 ಸಿಸಿ ಎಂಜಿನ್‌ನದು 113, ಅಂದರೆ ಹನ್ನೊಂದೂವರೆ ಕೆಜಿ. ಟರ್ಬೊ ಆದರೆ 147.6, ಹದಿನೈದು ಕೆಜಿ. ಸಣ್ಣದೇ ದೊಡ್ಡದನ್ನು ಮೀರಿಸಿತಲ್ಲ ಎಂದು ಅವಳಿಗೆ ಆಶ್ಚರ್ಯ. ಟರ್ಬೊ ಎಂದರೆ ಹೊಗೆಯ ರಭಸದಿಂದಲೇ ತಿರುಗುವ ಒಂದು ಚಕ್ರ, ಅದು ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಕಮ್ಮಾರನ ತಿದಿ ಒತ್ತಿದಾಗ ಕೆಂಡ ಭಗ್ಗೆನ್ನುವುದಿಲ್ಲವೇ, ಹಾಗೆ.

ಹಾಗಾದರೆ ಟರ್ಬೊ ಫ್ರಾಂಕ್ಸ್: ತೆರಿಗೆ ಕಡಿಮೆ, ಘಾಟಿ ಹತ್ತಲು ಶಕ್ತಿ ಹೆಚ್ಚು. ಕಾಗದದ ಮೇಲೆ ತೀರ್ಪು ಆಗಿಯೇ ಹೋಯಿತು. ನಾಲ್ಕನೆಯ ತರಗತಿಯ ಮೊಮ್ಮಗನದೂ ಅದೇ ಮತ, ಅದರ ಹಿಂಭಾಗ ಇಳಿಜಾರಾಗಿ ಚೆನ್ನಾಗಿದೆಯಂತೆ. ನನ್ನವಳದೂ ಅದೇ. "ರೀ, ಕಮ್ಮಿ ರೇಟಿನದು ತಗೊಳ್ಳಿ. ನನ್ನ ಕಾಲಿಗೋಸ್ಕರ ಎಫ್‌ಡಿ ಮುರಿಯೋದು ಬೇಡ."

ಆದರೆ ಕಾಲಂಗಳಲ್ಲಿ ಒಂದು ಅಂಕಿ ಮಾತ್ರ ನನ್ನನ್ನು ಕೆಣಕುತ್ತಲೇ ಇತ್ತು. ಬ್ರೆಜಾದ ಎತ್ತರ 1685 ಮಿ.ಮೀ., ಫ್ರಾಂಕ್ಸ್‌ನದು 1550. ಅಂತರ 135, ಐದು ಇಂಚಿಗೂ ಮೇಲೆ. ಹೊಟ್ಟೆಯ ಕೆಳಗಿನ ಜಾಗದಲ್ಲಿ ಹತ್ತು ಮಿಲಿಮೀಟರೂ ವ್ಯತ್ಯಾಸವಿಲ್ಲ ಎಂದಮೇಲೆ ಮಿಕ್ಕ ಎತ್ತರ ಎಲ್ಲಿ ಹೋಯಿತು? ಜಮಾ ಖರ್ಚು ತಾಳೆಯಾಗದಿದ್ದರೆ ನಮ್ಮ ಕಾಲದಲ್ಲಿ ಸಂಜೆ ಮನೆಗೆ ಬಿಡುತ್ತಿರಲಿಲ್ಲ. ಆ ಎತ್ತರ ಹೋಗಿರಬೇಕಾದದ್ದು ಎರಡೇ ಕಡೆ: ಸೀಟಿನ ಮಟ್ಟಕ್ಕೆ ಮತ್ತು ತಲೆಯ ಮೇಲಿನ ಜಾಗಕ್ಕೆ. ಫ್ರಾಂಕ್ಸ್ 2023ರಲ್ಲಿ ಬಂದದ್ದು ಬಲೆನೊ ಕಾರಿನ ಅಡಿಪಾಯದ ಮೇಲೆ. ಬಲೆನೊ ಕಾಲು ಚಾಚಿ ಕೂರುವ ಕಾರು. ಅದಕ್ಕೆ ಎತ್ತರದ ಬೂಟು ತೊಡಿಸಿದರೆ ಫ್ರಾಂಕ್ಸ್. ಬ್ರೆಜಾ ಹಾಗಲ್ಲ, ಅದು ಕುರ್ಚಿಯ ಮೇಲೆ ಕೂತಂತೆ ಕೂರಿಸುತ್ತದೆ.

ಕೈಪಿಡಿಯಲ್ಲಿ ಸೀಟಿನ ಎತ್ತರವನ್ನು ಮಾತ್ರ ಬರೆದಿರಲಿಲ್ಲ. ಅಜ್ಜ ಅಜ್ಜಿಯರಿಗೆ ಬೇಕಾದ ಅಳತೆ ಅದೊಂದೇ! ಟೈಲರ್ ಟೇಪು ಜೇಬಿಗೆ ಹಾಕಿಕೊಂಡು, ಅವಳನ್ನೂ ಒಪ್ಪಿಸಿ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ಸನ್‌ರೂಫ್ ತೋರಿಸಲು ಬಂದ, ನಾನು ನೆಲದಿಂದ ಸೀಟಿಗೆ ಟೇಪು ಹಿಡಿದೆ. ಬ್ರೆಜಾದ ಸೀಟು ಹೆಚ್ಚೂ ಕಡಿಮೆ ನಮ್ಮ ಊಟದ ಮೇಜಿನ ಕುರ್ಚಿಯ ಮಟ್ಟಕ್ಕೆ ಬಂತು. ಫ್ರಾಂಕ್ಸ್‌ನದು ಅದಕ್ಕಿಂತ ತಗ್ಗು. ಅಂಕಿ ಹೇಗೂ ಇರಲಿ, ನೋಡಬೇಕಾದದ್ದು ಅವಳನ್ನು. ಫ್ರಾಂಕ್ಸ್‌ನ ಹಿಂದಿನ ಬಾಗಿಲಲ್ಲಿ ತಲೆ ಬಗ್ಗಿಸಿ, ಬಾಗಿಲ ಕಂಬ ಹಿಡಿದು ಕೂತಳು. ಏಳುವಾಗ ತುಟಿ ಕಚ್ಚಿದಳು. "ಏನೂ ತೊಂದರೆಯಿಲ್ಲ, ಇದೇ ಸಾಕು" ಎಂದಳು. ಬ್ರೆಜಾದಲ್ಲಿ ಹಿಂತಿರುಗಿ ನಿಂತು, ಸುಮ್ಮನೆ ಹಿಂದಕ್ಕೆ ಕೂತು, ಕಾಲು ಒಂದೊಂದಾಗಿ ಒಳಗೆ ಎಳೆದುಕೊಂಡಳು. ಇಳಿಯುವಾಗ ಯಾರ ಕೈಯನ್ನೂ ಹುಡುಕಲಿಲ್ಲ. ಏನೂ ಹೇಳಲಿಲ್ಲ ಸಹ. ಮತ್ತೊಂದು ಸಲ ಹತ್ತಿ ಕೂತಳು, ಯಾರೂ ಕೇಳದಿದ್ದರೂ.

ಅಲ್ಲಿಗೆ ಮಾದರಿ ಯಾವುದೆಂದು ತೀರ್ಮಾನವಾಯಿತು. ದುಡ್ಡಿನದು ಬಾಕಿ. ಸಿಎನ್‌ಜಿ ತೆಗೆದುಕೊಂಡರೆ ಖರ್ಚು ಕಮ್ಮಿ ಎಂದು ಅಳಿಯ ಹೇಳಿದರು. ನಿಜ, ಆದರೆ ಬ್ರೆಜಾದಲ್ಲಿ ಸಿಲಿಂಡರ್ ಡಿಕ್ಕಿಯಲ್ಲೇ ಮಲಗಿರುತ್ತದೆ. ವಾಕರ್ ಎಲ್ಲಿಡುವುದು? ಹೆಬ್ರಿಯಿಂದ ಹಲಸಿನಕಾಯಿ ಯಾವುದರಲ್ಲಿ ತರುವುದು? ಇನ್ನು ಆಟೊಮ್ಯಾಟಿಕ್. ಬ್ರೆಜಾದ್ದು ಆರು ಗೇರಿನ ಟಾರ್ಕ್ ಕನ್ವರ್ಟರ್, ನಯವಾಗಿದೆ. ಆದರೆ ನಮ್ಮ ರಾಜ್ಯದ ಜೀವಿತಾವಧಿ ರಸ್ತೆ ತೆರಿಗೆ ಹತ್ತು ಲಕ್ಷದವರೆಗೆ ಶೇ. 14, ಅದನ್ನು ದಾಟಿದರೆ ಇಪ್ಪತ್ತು ಲಕ್ಷದವರೆಗೆ ಶೇ. 17. ಅದೂ ದಾಟಿದ ಮೊತ್ತದ ಮೇಲಲ್ಲ, ಇಡೀ ಬೆಲೆಯ ಮೇಲೆ. ಹತ್ತು ಲಕ್ಷದ ಕಾರಿಗೆ 1,40,000 ರೂಪಾಯಿ. ಹತ್ತು ಲಕ್ಷ ಹತ್ತು ಸಾವಿರದ ಕಾರಿಗೆ 1,71,700. ಬೆಲೆ ಹತ್ತು ಸಾವಿರ ಏರಿದರೆ ತೆರಿಗೆ ಮೂವತ್ತೊಂದು ಸಾವಿರದ ಏಳುನೂರು ಏರುತ್ತದೆ. ಇದರ ಮೇಲೆ ಸೆಸ್ ಬೇರೆ. ನಾವು ನೋಡಿದ ದಿನದ ಪಟ್ಟಿಯಲ್ಲಿ ನಮಗೆ ಬೇಕಾದ ದರ್ಜೆಯ ಮ್ಯಾನ್ಯುಯಲ್ ಆ ಗೆರೆಯ ಕೆಳಗಿತ್ತು, ಆಟೊಮ್ಯಾಟಿಕ್ ಮೇಲಿತ್ತು. ಮ್ಯಾನ್ಯುಯಲ್ ಸಾಕು ಎಂದೆ. ಸನ್‌ರೂಫ್ ಅಂತೂ ಬೇಡವೇ ಬೇಡ, ಆಗುಂಬೆಯ ಮಳೆಯಲ್ಲಿ ಅದನ್ನು ತೆಗೆದು ಏನು ನೋಡುವುದು? ಮೊಮ್ಮಗ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಎಫ್‌ಡಿ ಮುರಿದೆ. ಒಂದನ್ನೇ, ಅವಧಿ ಮುಗಿಯಲು ಎರಡು ತಿಂಗಳಿದ್ದದ್ದನ್ನು. ಬಡ್ಡಿ ಕಡಿತ ಎಷ್ಟಾಯಿತು ಎಂದು ಅವಳು ಕೇಳಿದಳು, ಹೇಳಿದೆ. "ಜಾಸ್ತಿಯೇ ಆಯ್ತು" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು. ಬರುವ ತಾರೀಕು ಹೇಳುವ ದನಿ ಹಾಲಿನವರೆಗೂ ಕೇಳುತ್ತಿತ್ತು.

ಅವಳದೊಂದು ಷರತ್ತಿತ್ತು. ಐವತ್ತೈದು ದಾಟಿದವರಿಗೆ ಲೈಸೆನ್ಸನ್ನು ಐದೈದು ವರ್ಷಕ್ಕೆ ನವೀಕರಿಸಿ ಕೊಡುತ್ತಾರೆ, ನನ್ನದು ಇನ್ನೂ ಚಾಲ್ತಿಯಲ್ಲಿದೆ. ಸರ್ಕಾರ ಒಪ್ಪಿದರೇನು, ಘಾಟಿಯಲ್ಲಿ ಸ್ಟೀರಿಂಗ್ ಮಗಳ ಕೈಗೆ ಹೋಗಬೇಕು. ಹಾಗಾಗಿ ನಾನು ತೀರ್ಥಹಳ್ಳಿಯವರೆಗೆ ಓಡಿಸುತ್ತೇನೆ. ಅಲ್ಲಿ ಕಾಫಿ ಕುಡಿದು ಮುಂದಿನ ಸೀಟು ಬದಲಾಯಿಸಿಕೊಳ್ಳುತ್ತೇವೆ. ಮೊದಲ ಸಲ ಹೋದಾಗ ಅಕ್ಕ ಅಂಗಳಕ್ಕೆ ಬಂದು ನಿಂತಿದ್ದರು, ಕೋಲು ಊರಿಕೊಂಡು. ಇವಳು ತಾನೇ ಬಾಗಿಲು ತೆಗೆದು ಇಳಿದಳು. ಅಕ್ಕ ಕಾರನ್ನು ಮೇಲಿಂದ ಕೆಳಗೆ ನೋಡಿ, ಹಿಂದಿನ ಸೀಟಿನ ಮೇಲೆ ಅಂಗೈಯಿಟ್ಟು ಒತ್ತಿ ಪರೀಕ್ಷಿಸಿ, "ಇದರಲ್ಲಾದರೆ ನಾನೂ ಶಿವಮೊಗ್ಗೆಗೆ ಬರಬಹುದಲ್ಲ" ಎಂದರು. ಮುಂದಿನ ತಿಂಗಳು ಕರೆದುಕೊಂಡು ಬರುವವರಿದ್ದೇವೆ.